ಪೈಪಿನಿಂದ ನೀರಿಗೆ



ಪಿವಿಸಿ ಪೈಪಿನಲ್ಲಿ ಕುಡಿಯುವ ನೀರು ಹರಿಯತೊಡಗಿದ್ದು 1930ರ ದಶಕದಲ್ಲಿ, ಜರ್ಮನಿಯಲ್ಲಿ. ಪೈಪು ಹಗುರ, ತುಕ್ಕು ಹಿಡಿಯುವ ಮಾತೇ ಇಲ್ಲ. ಆದರೆ ಪಿವಿಸಿ ಬಿಸಿ ತಾಳುವುದಿಲ್ಲ. ಕಾಯಿಸಿ ಪೈಪು ಮಾಡುವಾಗಲೇ ಕೆಡುತ್ತದೆ. ಕೆಡದಿರಲೆಂದು ಸ್ಟೆಬಿಲೈಸರ್ ಬೆರೆಸಬೇಕು. ದಶಕಗಳ ಕಾಲ ಹೆಚ್ಚಾಗಿ ಬೆರೆಸಿದ್ದು ಸೀಸದ ಲವಣ. ಹೀಗೆ ಪೈಪಿನಲ್ಲಿ ಬೆರೆತದ್ದು, ಅಥವಾ ಅದರ ಒಳಮೈಗೆ ಬಳಿದದ್ದು ಮೆಲ್ಲಗೆ ನೀರಿಗೆ ಇಳಿಯಬಲ್ಲದು.

ಬಳಿದದ್ದರಿಂದ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಲ್ಲಿ ಆಸ್ಬೆಸ್ಟಾಸ್ ಸಿಮೆಂಟಿನ ಪೈಪು ನೀರಿನ ರುಚಿ ಕೆಡಿಸುತ್ತದೆಂಬ ದೂರಿತ್ತು. ಅದಕ್ಕಾಗಿ 1960ರ ದಶಕದ ಕೊನೆಯಿಂದ ಒಳಮೈಗೆ ವಿನೈಲ್ ಪ್ಲಾಸ್ಟಿಕ್ ಬಳಿದ ಪೈಪುಗಳನ್ನು ಹೂಳತೊಡಗಿದರು. ಆ ರಾಜ್ಯದ ಕೇಪ್ ಕಾಡ್ ಕಡೆ ಇವು ಬಹಳ. ವಿನೈಲನ್ನು ಕರಗಿಸಲು ಬಳಸಿದ್ದು ಟೆಟ್ರಾಕ್ಲೋರೋಎಥಿಲೀನ್, ಡ್ರೈ ಕ್ಲೀನಿಂಗ್‌ನವರು ಬಟ್ಟೆಗೆ ಬಳಸುವ ಅದೇ ದ್ರಾವಕ. ಪೈಪು ನೆಲ ಸೇರುವಷ್ಟರಲ್ಲಿ ಅದು ಆವಿಯಾಗಿ ಹೋಗಿರುತ್ತದೆಂದು ನಂಬಿದ್ದರು. ಹೋಗಿರಲಿಲ್ಲ. 1980ರಲ್ಲಿ ಅದು ನೀರಿನಲ್ಲಿ ಸಿಕ್ಕಿತು. ನೀರು ಹೆಚ್ಚು ಓಡಾಡದ, ಲೈನಿನ ಕಟ್ಟಕಡೆಯ ಮನೆಗಳಲ್ಲಿ ಅದರ ಪ್ರಮಾಣ ಜಾಸ್ತಿ. ಕೆಲವೆಡೆ ಲೀಟರಿಗೆ ಸಾವಿರಾರು ಮೈಕ್ರೋಗ್ರಾಂ. ಇವತ್ತು ಆ ದೇಶದ ಮಿತಿ ಬರೀ 5. ಅಷ್ಟುದ್ದದ ಪೈಪನ್ನು ಅಗೆದು ತೆಗೆಯುವುದು ಎಲ್ಲಿ ಸಾಧ್ಯ? ಲೈನಿನ ತುದಿಯಲ್ಲಿ ನೀರನ್ನು ಸದಾ ಹರಿಯಬಿಟ್ಟು ಪ್ರಮಾಣ ಇಳಿಸಿದರು. ಆ ನೀರು ಕುಡಿದವರ ಆರೋಗ್ಯವನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ ದಶಕಗಳ ಕಾಲ ಅಧ್ಯಯನ ಮಾಡಬೇಕಾಯಿತು. ಪೈಪು ಮೊದಲು, ಪರೀಕ್ಷೆ ಆಮೇಲೆ: ನನಗೆ ಸಿಟ್ಟು ಬರುವುದು ಇದಕ್ಕೇ.

ನಮ್ಮ ದೇಶದಲ್ಲೂ ಸೀಸದ ವಿಷಯದಲ್ಲಿ ನಡೆದದ್ದು ಇದೇ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ನಮ್ಮ ಮಾನಕ ಹೇಳುತ್ತದೆ. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕೆಟ್ಟದ್ದೆಂಬುದೂ ಗೊತ್ತಿದ್ದದ್ದೇ. ಆದರೂ ಪಿವಿಸಿ ಪೈಪಿನಲ್ಲಿ ಸೀಸದ ಸ್ಟೆಬಿಲೈಸರ್ ನಿಲ್ಲಿಸುವ ಕೇಂದ್ರದ ನಿಯಮ ಬಂದದ್ದು 2021ರಲ್ಲಿ, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ ಮೇಲೆ. ಸೀಸಕ್ಕೆ ಬದಲು ಕ್ಯಾಲ್ಸಿಯಂ-ಸತುವಿನ ಸ್ಟೆಬಿಲೈಸರ್ ಅಷ್ಟರಲ್ಲಾಗಲೇ ಇತ್ತು.

ನಿಯಮ ಹೊಸ ಪೈಪಿಗೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ, ಅಲ್ಲಿಂದ ಅಡುಗೆಮನೆಗೆ ಗೋಡೆಯೊಳಗೆ ಮೊದಲೇ ಕೂತಿರುವ ಪೈಪನ್ನು ಅದು ಮುಟ್ಟುವುದಿಲ್ಲ. ಸೀಸ ಹೆಚ್ಚು ಬಿಡುವುದು ಪೈಪು ಹೊಸದಿದ್ದಾಗ, ಮತ್ತು ನೀರು ಅದರಲ್ಲಿ ನಿಂತಿದ್ದಾಗ. ಆದ್ದರಿಂದ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಬರುವ ಮೊದಲ ನೀರನ್ನು ನೆಲ ಒರೆಸಲು ಹಿಡಿದಿಡಿ. ಕುಡಿಯಲು, ಅಡುಗೆಗೆ ಆಮೇಲಿನದು. ಕುದಿಸಿದರೆ ಸೀಸ ಹೋಗುವುದಿಲ್ಲ. ಹೊಸ ಮನೆಗೆ ಪೈಪು ತರುವಾಗ ಸೀಸವಿಲ್ಲದ್ದೇ ಬೇಕೆಂದು ಅಂಗಡಿಯಲ್ಲಿ ಕೇಳಿ, ಪೈಪಿನ ಮೇಲೆ ಅಚ್ಚಾದದ್ದನ್ನು ಓದಿ ತನ್ನಿ.