ಮಾಂಸದಂಗಡಿಯ ಕಸದಿಂದ ಒಲೆಗೆ ಉರಿ
(ರೈತರ ಕೂಟದಲ್ಲಿ ಮಾಡಿದ ಭಾಷಣ)



ಸಂತೆಯ ದಿನ ಸಂಜೆ ಕೆರೆಯ ಏರಿಯ ಕಡೆಗೆ ಯಾರಾದರೂ ಮೂಗು ಮುಚ್ಚಿಕೊಳ್ಳದೆ ಹೋಗಬಲ್ಲರೇ? ಬೋಟಿ ತೊಳೆದ ಕಸವನ್ನೂ ರಕ್ತವನ್ನೂ ಮಾಂಸದಂಗಡಿಯವರು ಅಲ್ಲಿಯೇ ಸುರಿಯುತ್ತಾರೆ. ನಾಯಿಗಳು ಎಳೆದಾಡುತ್ತವೆ, ನೊಣ ಮುತ್ತುತ್ತವೆ, ಮಳೆ ಬಂದರೆ ಎಲ್ಲವೂ ಕೆರೆಗೆ ಇಳಿಯುತ್ತದೆ. ಅಂಗಡಿಯವರನ್ನು ಬೈದು ಫಲವಿಲ್ಲ. ಬೇರೆ ಜಾಗವನ್ನು ನಾವು ಅವರಿಗೆ ತೋರಿಸಿಯೇ ಇಲ್ಲ. ಆ ಕಸದಲ್ಲಿ ಯಾವುದು ಒಲೆಗೆ ಉರಿಯಾದೀತು, ಯಾವುದು ಆಗದು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ. ಒಂದು ತಪ್ಪು ಮಾಡಿ ಇದನ್ನು ಕಲಿತವನು ನಾನು. ಆ ತಪ್ಪನ್ನೂ ಮುಚ್ಚಿಡುವುದಿಲ್ಲ.

ಗೋಬರ್ ಗ್ಯಾಸ್ ನಿಮಗೆ ಹೊಸದಲ್ಲ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ಒಂದು ಸಂಸಾರದ ಅಡಿಗೆಗೆ 2 ಘನಮೀಟರಿನ ಗುಂಡಿ ಸಾಕು. ಅದಕ್ಕೆ ದಿನವೂ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಎಂದರೆ ಕೊಟ್ಟಿಗೆಯಲ್ಲಿ ನಾಲ್ಕೈದು ದನಗಳಿರಬೇಕು. ಟ್ರಾಕ್ಟರು ಬಂದ ಮೇಲೆ ಎತ್ತುಗಳು ಹೋದವು. ಒಂದೇ ಹಸು ಉಳಿದಿರುವ ಮನೆಗಳು ಎಷ್ಟಿಲ್ಲ? ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಇಡೀ ಊರಿಗೆ ಸೇರಿದ ಗೋಬರ್ ಗ್ಯಾಸ್ ಕಟ್ಟಿಸಿದರು. ಊರಿನ ದನಗಳ ಸಗಣಿ ಎಲ್ಲ ಮನೆಗಳ ಅಡಿಗೆಗೆ ಸಾಲದೆ ಹೋಯಿತು. ಆದ್ದರಿಂದ 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ಕುಡಿಯುವ ನೀರು ಎತ್ತುವುದಕ್ಕೂ ದೀಪ ಹಚ್ಚುವುದಕ್ಕೂ ತೊಡಗಿದರು. ಸಗಣಿ ಸಾಲದ ಮನೆಯವರು ಬೇರೆ ಮೇವನ್ನು ಗುಂಡಿಗೆ ಹುಡುಕಲೇಬೇಕು.

ಬೋಟಿ ತೊಳೆಯುವಾಗ ಹೊರಬೀಳುವ ಹಸಿರು ರಾಶಿಯನ್ನು ನೋಡಿದ್ದೀರಿ. ಅದು ಕುರಿಯು ತಿಂದು, ಅರ್ಧ ಮಾತ್ರ ಜೀರ್ಣವಾದ ಮೇವು. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆ ಮೇವನ್ನು ಕೊಳೆಸಿ ಮೀಥೇನ್ ಅನಿಲವನ್ನು ಮಾಡುತ್ತವೆ. ನಮ್ಮ ಗುಂಡಿಯಲ್ಲಿ ಕೆಲಸ ಮಾಡುವುವು ಅವುಗಳ ದಾಯಾದಿಗಳೇ. ಗೋಬರ್ ಗ್ಯಾಸ್ ಗುಂಡಿ ಎಂದರೆ ನೆಲದಲ್ಲಿ ಹೂತ ಒಂದು ದೊಡ್ಡ ಹೊಟ್ಟೆ ಎಂದುಕೊಳ್ಳಿ. ಒಂದು ಕುರಿಯ ಹೊಟ್ಟೆಯಲ್ಲಿ ಸುಮಾರು ಮೂರು ಕಿಲೋ ಇಂಥ ಮೇವು ಇರುತ್ತದೆ. ಸಂತೆಯ ದಿನ ಇಪ್ಪತ್ತು ಕುರಿ ಕಡಿದರೆ ಅರವತ್ತು ಕಿಲೋ ಆಯಿತು; ಒಂದು ಮನೆಯ ಗುಂಡಿಗೆ ಒಂದು ದಿನದ ಊಟಕ್ಕಿಂತ ಹೆಚ್ಚು.

ಇಷ್ಟು ತಿಳಿದ ಉತ್ಸಾಹದಲ್ಲಿ ನಾನು ತಪ್ಪಿದೆ. ಒಂದು ಆಷಾಢದಲ್ಲಿ ಮಾರಿಹಬ್ಬದ ಮರುದಿನ, ಗುಂಡಿಯಿದ್ದ ಒಬ್ಬ ರೈತರಿಗೆ, “ಎಲ್ಲವನ್ನೂ ಗುಂಡಿಗೇ ಹಾಕಿಬಿಡಿ” ಎಂದೆ. ಅವರು ನನ್ನ ಮಾತು ನಂಬಿ ಎರಡು ಎಣ್ಣೆ ಡಬ್ಬ ರಕ್ತ, ಒಂದು ಪುಟ್ಟಿ ಕೊಬ್ಬು ಸುರಿದರು. ಮೊದಲ ಎರಡು ದಿನ ಒಲೆ ಭರ್ರೆಂದು ಉರಿಯಿತು. ಆಮೇಲೆ ಬಗ್ಗಡ ನೊರೆಯೆದ್ದು ಹೊರಕ್ಕೆ ಬಂದಿತು. ಕಣ್ಣು ಉರಿಯುವಂಥ ನಾತ. ಅನಿಲವಿದ್ದರೂ ಬೆಂಕಿ ಹತ್ತಲಿಲ್ಲ. ಆ ಮನೆಯ ತಾಯಿ ಆರು ವಾರ ತೊಯ್ದ ಸೌದೆಯ ಹೊಗೆಯಲ್ಲಿ ಅಡಿಗೆ ಮಾಡಿದರು. “ಏನಪ್ಪಾ, ಓದಿದವನು ನೀನು, ನಮ್ಮ ಗುಂಡಿಗೆ ಅಜೀರ್ಣ ಮಾಡಿಸಿದೆಯಲ್ಲ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಜೀರ್ಣವೆಂಬ ಮಾತು ಸರಿಯಾಗಿಯೇ ಇತ್ತು. ರಕ್ತದಲ್ಲಿ ಸಾರಜನಕ ಬಹಳ. ಒಮ್ಮೆಲೇ ಹಾಕಿದರೆ ಅದು ಅಮೋನಿಯವಾಗಿ ಸೂಕ್ಷ್ಮಜೀವಿಗಳನ್ನು ಬಡಿಯುತ್ತದೆ. ಕೊಬ್ಬಿನಿಂದ ಅನಿಲ ಹೆಚ್ಚು ಬರುವುದು ನಿಜ, ಆದರೆ ಮೇಲೆ ತೇಲಿ ಕೆನೆಗಟ್ಟುತ್ತದೆ, ಹುಳಿಯನ್ನೂ ಏರಿಸುತ್ತದೆ. ಪಟ್ಟಣಗಳ ದೊಡ್ಡ ಸ್ಥಾವರಗಳಲ್ಲಿ ಕಲಕುವ ಯಂತ್ರವಿರುತ್ತದೆ, ದಿನವೂ ಹುಳಿ ಅಳೆಯುವವರಿರುತ್ತಾರೆ, ಅವರು ನಿಭಾಯಿಸಿಯಾರು. ನಮ್ಮ ಮನೆಯ ಗುಂಡಿಗೆ ಅದು ಸಲ್ಲದು. ಕಡೆಗೆ ಆ ಗುಂಡಿಗೆ ಹತ್ತು ದಿನ ಏನೂ ಹಾಕದೆ ಬಿಟ್ಟು, ನಂತರ ಚೆನ್ನಾಗಿ ನಡೆಯುತ್ತಿದ್ದ ಇನ್ನೊಂದು ಗುಂಡಿಯ ಬಗ್ಗಡವನ್ನೂ ತೆಳ್ಳಗೆ ಕಲಸಿದ ಸಗಣಿಯನ್ನೂ ಸ್ವಲ್ಪ ಸ್ವಲ್ಪವಾಗಿ ಹಾಕಿ ದಾರಿಗೆ ತಂದೆವು.

ಈಗ ನಾನು ಹೇಳುವ ಕ್ರಮ ಇದು. ಹೊಟ್ಟೆಯ ಮೇವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಟ್ಟು, ದಿನಕ್ಕೆ ಹತ್ತು ಕಿಲೋ ಮೀರದಂತೆ, ಸಗಣಿಯೊಡನೆ ನೀರಿನಲ್ಲಿ ಕಲಸಿ ಹಾಕಿರಿ. ಉದ್ದನೆಯ ನಾರು, ಕಡ್ಡಿ ತೆಗೆದುಬಿಡಿ. ಅವು ತೇಲಿ ಹೆಪ್ಪುಗಟ್ಟುತ್ತವೆ. ಕುರಿಯ ಹಿಕ್ಕೆಯನ್ನು ಒಂದು ರಾತ್ರಿ ನೆನೆಸಿ ಮಸೆದು ಹಾಕಬಹುದು. ರಕ್ತವಾದರೆ 50 ಕಿಲೋ ಸಗಣಿಗೆ ಒಂದು ಲೀಟರಿಗೆ ಮೀರಬಾರದು, ಅದೂ ನೀರು ಬೆರೆಸಿ. ಉಳಿದ ರಕ್ತವನ್ನು ಹೊಟ್ಟು, ಒಣ ಎಲೆ, ಮಣ್ಣಿನೊಡನೆ ಕಾಂಪೋಸ್ಟ್ ಗುಂಡಿಗೆ ಹಾಕಿ ಮುಚ್ಚಿದರೆ ಒಳ್ಳೆಯ ಗೊಬ್ಬರ. ಕೋಳಿಯ ಪುಕ್ಕ, ಕೂದಲು, ಕೊಂಬು, ಮೂಳೆ ಗುಂಡಿಯಲ್ಲಿ ಕರಗುವುದಿಲ್ಲ. ಹೊರಬಂದ ಬಗ್ಗಡವನ್ನು ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಗೆ ನೇರವಾಗಿ ಕೊಡಬೇಡಿ. ಕಾಂಪೋಸ್ಟ್ ಮಾಡಿ, ರಾಗಿ, ಜೋಳದ ಹೊಲಕ್ಕೆ ಬಿತ್ತನೆಗೆ ಮುಂಚೆ ಹಾಕಿರಿ.

ಒಂದು ಮನೆಯಲ್ಲಿ ಅಜ್ಜಿಯೊಬ್ಬರು, “ಆ ಉರಿಯಲ್ಲಿ ಬೆಂದ ಅನ್ನ ನಾನು ಮುಟ್ಟೆ” ಎಂದರು. ಯಾವುದರಿಂದ ಬಂದರೂ ಮೀಥೇನ್ ಮೀಥೇನೇ ಎಂದು ವಾದಿಸಲು ಹೊರಟೆ, ಆಮೇಲೆ ಸುಮ್ಮನಾದೆ. ಮನಸ್ಸು ಒಪ್ಪದ ಮನೆಗೆ ಸಗಣಿ ಇದೆ. ಕುರಿ ಸಾಕುವವರ ಮನೆಗೂ ಮಾಂಸದಂಗಡಿಯವರ ಮನೆಗೂ ಇದು ಮೊದಲು ಬರಲಿ.

ರೋಗದಿಂದ ಸತ್ತ ಕುರಿ, ದನಗಳ ಯಾವ ಭಾಗವನ್ನೂ ಗುಂಡಿಗೆ ಹಾಕಕೂಡದು. ನೆರಡಿ ರೋಗದ ಬೀಜಾಣು ಗುಂಡಿಯಲ್ಲಿ ಸಾಯುವುದಿಲ್ಲ. ಬಗ್ಗಡದೊಡನೆ ಹೊಲಕ್ಕೆ ಬಂದು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ, ಮನುಷ್ಯರಿಗೂ ಹತ್ತುತ್ತದೆ. ಹಠಾತ್ತನೆ ಸತ್ತ ಪ್ರಾಣಿಯನ್ನು ಕೊಯ್ಯದೆ ಪಶುವೈದ್ಯರಿಗೆ ತಿಳಿಸಿರಿ. ಗುಂಡಿ ಕೆಟ್ಟಿತೆಂದು ಒಳಕ್ಕೆ ಇಳಿಯಲೂ ಬೇಡಿ. ಅಲ್ಲಿ ಉಸಿರಾಡಲು ಗಾಳಿಯಿಲ್ಲ, ವಿಷದ ಅನಿಲವೂ ಇರುತ್ತದೆ. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಸಾಯುತ್ತಾನೆ. ಕೊಳವೆ ಸೋರುವುದನ್ನು ಸೋಪಿನ ನೀರು ಹಚ್ಚಿ ನೋಡಿ, ಕಡ್ಡಿ ಗೀರಬೇಡಿ.

ಗುಂಡಿಯಿರುವವರು ಬರುವ ಸಂತೆಯ ದಿನ ಬೆಳಿಗ್ಗೆಯೇ ಮಾಂಸದಂಗಡಿಯವರ ಬಳಿ ಎರಡು ಮುಚ್ಚಳದ ಬಕೆಟ್ಟು ಇಟ್ಟುಬನ್ನಿ, ಹೊಟ್ಟೆಯ ಮೇವಿಗೊಂದು, ರಕ್ತಕ್ಕೊಂದು. ಮೊದಲ ಸಲ ಕಲಸುವಾಗ ನಾನೂ ಜೊತೆಗಿರುತ್ತೇನೆ.