ಕ್ರೆಡಿಟ್‌ನ ಅರ್ಧ ಪಾಲು ಮನೆಯಲ್ಲಿದೆ

(ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿ ಇಂದು ಅಂಕಗಳಿಗಿಂತ ಹೆಚ್ಚು ತೂಕದ ಒಂದು ಕಾಲಂ ಇದೆ. ಅದರ ಹೆಸರು ಕ್ರೆಡಿಟ್. ಒಂದು ವಿಷಯದ ಎದುರಿಗೆ 4 ಎಂದೂ, ಇನ್ನೊಂದರ ಎದುರಿಗೆ 2 ಎಂದೂ ಬರೆದಿರುತ್ತದೆ. ಹೆಚ್ಚಿನ ತಂದೆ ತಾಯಂದಿರು ಅದನ್ನು ನೋಡುವುದೇ ಇಲ್ಲ. ಪಾಸೋ ಫೇಲೋ ಎಂದಷ್ಟೇ ಕೇಳುತ್ತಾರೆ. ಆದರೆ ಮಗ ಅಥವಾ ಮಗಳು ಪದವಿ ಪಡೆಯುವುದು, ಕಾಲೇಜು ಬದಲಿಸುವುದು, ಅರ್ಧಕ್ಕೆ ಬಿಟ್ಟ ಓದನ್ನು ಮತ್ತೆ ಮುಂದುವರಿಸುವುದು, ವಿದೇಶದ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವುದು, ಇವೆಲ್ಲಕ್ಕೂ ಆ ಪುಟ್ಟ ಅಂಕಿಯೇ ಆಧಾರ. ಆದ್ದರಿಂದ ಕಾಲೇಜುಗಳು ಯಾವ ಪಾಠಕ್ಕೆ ಎಷ್ಟು ಕ್ರೆಡಿಟ್ ಕೊಡುತ್ತವೆ, ಏಕೆ ಹಾಗೆ ಕೊಡುತ್ತವೆ ಎಂಬುದನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಕ್ರೆಡಿಟ್ ಎಂದರೇನು?

ಸರಳವಾಗಿ ಹೇಳುವುದಾದರೆ ಕ್ರೆಡಿಟ್ ಎಂಬುದು ವಿದ್ಯಾರ್ಥಿಯ ದುಡಿಮೆಯ ಅಳತೆ. ಅಕ್ಕಿಗೆ ಸೇರು, ಬಟ್ಟೆಗೆ ಮೀಟರ್ ಇರುವಂತೆ ಓದಿಗೆ ಕ್ರೆಡಿಟ್. ಅಂಕ ಹೇಳುವುದು ಎಷ್ಟು ಚೆನ್ನಾಗಿ ಕಲಿತಿರಿ ಎಂಬುದನ್ನು. ಕ್ರೆಡಿಟ್ ಹೇಳುವುದು ಎಷ್ಟು ಹೊತ್ತಿನ ಕಲಿಕೆ ಅದು ಎಂಬುದನ್ನು.

ಈ ಅಳತೆ ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. 1905ರಲ್ಲಿ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಪ್ರಾಧ್ಯಾಪಕರ ಪಿಂಚಣಿಗಾಗಿ ಒಂದು ಕೋಟಿ ಡಾಲರ್ ದಾನ ಮಾಡಿದರು. ಹಣ ಹಂಚಬೇಕಾದರೆ ಯಾವುದು ನಿಜವಾದ ಕಾಲೇಜು ಎಂಬುದು ಮೊದಲು ತೀರ್ಮಾನವಾಗಬೇಕಿತ್ತು. ಪ್ರೌಢಶಾಲೆಯಲ್ಲಿ ಇಂತಿಷ್ಟು ಯೂನಿಟ್ ಓದಿ ಬಂದವರನ್ನು ಮಾತ್ರ ಸೇರಿಸಿಕೊಳ್ಳುವುದು ಕಾಲೇಜು ಎಂದು ಕಾರ್ನೆಗಿ ಪ್ರತಿಷ್ಠಾನ ನಿಯಮ ಮಾಡಿತು. ವರ್ಷಕ್ಕೆ ಒಂದು ವಿಷಯದಲ್ಲಿ 120 ಗಂಟೆಗಳ ಪಾಠ ಒಂದು ಯೂನಿಟ್ ಆಯಿತು. ಅದೇ ಲೆಕ್ಕ ಮುಂದೆ ಕಾಲೇಜಿನೊಳಗೂ ಬಂದು ಕ್ರೆಡಿಟ್ ಗಂಟೆಯಾಗಿ ಬೆಳೆಯಿತು. ಪಿಂಚಣಿಗಾಗಿ ಮಾಡಿದ ಅಳತೆ ಕಲಿಕೆಯ ಅಳತೆಯಾಗಿ ನಿಂತುಬಿಟ್ಟಿತು. ಯೂನಿಟ್ ಎಂಬುದು ಕಲಿಕೆಯನ್ನು ಅಳೆಯಲು ಮಾಡಿದ್ದಲ್ಲ ಎಂದು 2015ರಲ್ಲಿ ಅದೇ ಪ್ರತಿಷ್ಠಾನ ತನ್ನ ವರದಿಯಲ್ಲಿ ಹೇಳಿತು. ಈ ಮಾತನ್ನು ನೆನಪಿನಲ್ಲಿಡಿ. ಕ್ರೆಡಿಟ್ ಹೊತ್ತನ್ನು ಅಳೆಯುತ್ತದೆ, ಬುದ್ಧಿಯನ್ನಲ್ಲ.

ಯಾವ ಪಾಠಕ್ಕೆ ಎಷ್ಟು?

ಈಗ ನಮ್ಮ ದೇಶದ ಲೆಕ್ಕಕ್ಕೆ ಬರೋಣ. ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ಡಿಸೆಂಬರ್‌ನಲ್ಲಿ ಪದವಿ ತರಗತಿಗಳಿಗೆ ಒಂದು ಕ್ರೆಡಿಟ್ ಚೌಕಟ್ಟನ್ನು ಪ್ರಕಟಿಸಿತು. ಒಂದು ಸೆಮಿಸ್ಟರ್‌ಗೆ 15 ವಾರ ಎಂದು ಇಟ್ಟುಕೊಂಡು ಅದರ ಲೆಕ್ಕ ಹೀಗಿದೆ:

ತರಗತಿಯ ಉಪನ್ಯಾಸ: ವಾರಕ್ಕೆ 1 ಗಂಟೆ, ಸೆಮಿಸ್ಟರ್‌ಗೆ 15 ಗಂಟೆ. ಇದಕ್ಕೆ 1 ಕ್ರೆಡಿಟ್.

ಟ್ಯುಟೋರಿಯಲ್, ಅಂದರೆ ಚಿಕ್ಕ ಗುಂಪಿನಲ್ಲಿ ಲೆಕ್ಕ ಬಿಡಿಸುವುದು, ಚರ್ಚಿಸುವುದು: ಇದಕ್ಕೂ 15 ಗಂಟೆಗೆ 1 ಕ್ರೆಡಿಟ್.

ಪ್ರಯೋಗಾಲಯದ ಪ್ರಾಕ್ಟಿಕಲ್: ವಾರಕ್ಕೆ 2 ಗಂಟೆ, ಸೆಮಿಸ್ಟರ್‌ಗೆ 30 ಗಂಟೆ. ಇದಕ್ಕೆ 1 ಕ್ರೆಡಿಟ್ ಮಾತ್ರ.

ಇಂಟರ್ನ್‌ಶಿಪ್, ಕ್ಷೇತ್ರಕಾರ್ಯ, ಸಮುದಾಯ ಸೇವೆ: ಇಲ್ಲಿಯೂ 30 ಗಂಟೆಗೆ 1 ಕ್ರೆಡಿಟ್. 4 ಕ್ರೆಡಿಟ್‌ನ ಇಂಟರ್ನ್‌ಶಿಪ್ ಎಂದರೆ 120 ಗಂಟೆಗಳ ಕೆಲಸ.

ಹೀಗಾಗಿ ಮೂರು ಉಪನ್ಯಾಸ ಮತ್ತು ಎರಡು ಗಂಟೆಯ ಒಂದು ಪ್ರಾಕ್ಟಿಕಲ್ ಇರುವ ವಿಷಯಕ್ಕೆ ವಾರಕ್ಕೆ 5 ಗಂಟೆ ಕೂತರೂ ಸಿಗುವುದು 4 ಕ್ರೆಡಿಟ್. ಎಂಜಿನಿಯರಿಂಗ್ ಕಾಲೇಜಿನ ಪಠ್ಯಕ್ರಮದಲ್ಲಿ 3-0-2 ಎಂದು ಬರೆದಿದ್ದರೆ ಅದರ ಅರ್ಥ ಇದೇ. ಮೂರು ಗಂಟೆ ಉಪನ್ಯಾಸ, ಟ್ಯುಟೋರಿಯಲ್ ಇಲ್ಲ, ಎರಡು ಗಂಟೆ ಪ್ರಾಕ್ಟಿಕಲ್. ಒಟ್ಟು 4 ಕ್ರೆಡಿಟ್. ಎಐಸಿಟಿಇ 2018ರಲ್ಲಿ ಹೊರಡಿಸಿದ ಮಾದರಿ ಪಠ್ಯಕ್ರಮದಲ್ಲಿ ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್ ನಿಗದಿಯಾಗಿದೆ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಇದನ್ನೇ 2+1 ಎಂದು ಬರೆಯುತ್ತಾರೆ. ಎರಡು ಥಿಯರಿ, ಒಂದು ಪ್ರಾಕ್ಟಿಕಲ್, ಸೇರಿ 3 ಕ್ರೆಡಿಟ್.

ಪ್ರಾಕ್ಟಿಕಲ್‌ಗೆ ಅರ್ಧ ಬೆಲೆ ಏಕೆ?

ವಿಜ್ಞಾನ ವಿದ್ಯಾರ್ಥಿಗಳು ಸಹಜವಾಗಿ ಕೇಳುವ ಪ್ರಶ್ನೆ ಇದು. ಪ್ರಯೋಗಾಲಯದಲ್ಲಿ ಎರಡು ಗಂಟೆ ನಿಂತು ಕಾಲು ನೋಯಿಸಿಕೊಂಡವನಿಗೆ ಒಂದು, ಬೆಂಚಿನ ಮೇಲೆ ಕುಳಿತು ಒಂದು ಗಂಟೆ ಪಾಠ ಕೇಳಿದವನಿಗೂ ಒಂದು. ಇದು ನ್ಯಾಯವೇ?

ಇದಕ್ಕೆ ಉತ್ತರ 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿದೆ. ಅದರ ಪ್ರಕಾರ 1 ಕ್ರೆಡಿಟ್ ಎಂದರೆ ಒಟ್ಟು 30 ಗಂಟೆಗಳ ಕಲಿಕೆ. ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಪ್ರಾಕ್ಟಿಕಲ್‌ನ 30 ಗಂಟೆಗಳೂ ಪ್ರಯೋಗಾಲಯದಲ್ಲೇ ಮುಗಿಯುತ್ತವೆ. ಉಪನ್ಯಾಸದಲ್ಲಿ ತರಗತಿಯ ಪಾಲು 15 ಗಂಟೆ ಮಾತ್ರ. ಉಳಿದ 15 ಗಂಟೆ ಎಲ್ಲಿ? ಅದು ಗ್ರಂಥಾಲಯದಲ್ಲಿದೆ, ನೋಟ್ಸ್ ಬರೆಯುವುದರಲ್ಲಿದೆ, ಅಸೈನ್‌ಮೆಂಟ್‌ನಲ್ಲಿದೆ, ಪರೀಕ್ಷೆಯ ತಯಾರಿಯಲ್ಲಿದೆ. ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಬಹುಪಾಲು ನಿಮ್ಮ ಮನೆಯಲ್ಲಿದೆ. ಉಪನ್ಯಾಸಕ್ಕೆ ಪೂರ್ತಿ ಬೆಲೆ ಕಟ್ಟಿರುವುದು ವಿದ್ಯಾರ್ಥಿ ಹೊರಗೆ ಇನ್ನೊಂದು ಗಂಟೆ ಓದುತ್ತಾನೆ ಎಂಬ ನಂಬಿಕೆಯ ಮೇಲೆ. ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವ ಹೊತ್ತು ಈ ಲೆಕ್ಕದಲ್ಲಿ ಸರಿಯಾಗಿ ಸೇರುವುದಿಲ್ಲ ಎಂಬ ವಿಜ್ಞಾನ ವಿದ್ಯಾರ್ಥಿಗಳ ದೂರಿನಲ್ಲಿ ಹುರುಳಿದೆ. ಆದರೂ ಮೂಲ ತರ್ಕ ಇದು.

ವಾರಕ್ಕೆ ನಲವತ್ತು ಗಂಟೆ

ಒಂದು ಸೆಮಿಸ್ಟರ್‌ಗೆ 20 ಕ್ರೆಡಿಟ್ ಎಂದು ಇಟ್ಟುಕೊಳ್ಳೋಣ. 20ನ್ನು 30ರಿಂದ ಗುಣಿಸಿದರೆ 600 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ. ಅಂದರೆ ಪದವಿ ಓದು ಒಂದು ಪೂರ್ಣಾವಧಿ ನೌಕರಿಯಷ್ಟೇ ದುಡಿಮೆ.

ಎಲ್ಲವೂ ಥಿಯರಿ ವಿಷಯಗಳಿರುವ ಬಿ.ಎ. ಅಥವಾ ಬಿ.ಕಾಂ. ವಿದ್ಯಾರ್ಥಿನಿಗೆ ಇದರಲ್ಲಿ 20 ಗಂಟೆ ತರಗತಿಯಲ್ಲಿ, 20 ಗಂಟೆ ಹೊರಗೆ. 14 ಕ್ರೆಡಿಟ್ ಥಿಯರಿ ಮತ್ತು 6 ಕ್ರೆಡಿಟ್ ಪ್ರಾಕ್ಟಿಕಲ್ ಇರುವ ಬಿ.ಎಸ್ಸಿ. ವಿದ್ಯಾರ್ಥಿಗೆ 26 ಗಂಟೆ ಕಾಲೇಜಿನಲ್ಲಿ, 14 ಗಂಟೆ ಹೊರಗೆ. ಇಬ್ಬರ ದುಡಿಮೆಯೂ ನಲವತ್ತೇ. ಆದರೆ ನೋಡುವವರಿಗೆ ಹಾಗೆ ಕಾಣುವುದಿಲ್ಲ. ಬಿ.ಎಸ್ಸಿ. ಹುಡುಗ ಸಂಜೆ ಐದಕ್ಕೆ ಬಳಲಿ ಬಂದರೆ 'ಪಾಪ, ಓದಿ ಬಂದ' ಎನ್ನುತ್ತೇವೆ. ಬಿ.ಎ. ಹುಡುಗಿ ಮಧ್ಯಾಹ್ನ ಎರಡಕ್ಕೆ ಮನೆ ಸೇರಿದರೆ 'ಇವಳಿಗೆ ಕಾಲೇಜು ಎಂದರೆ ಅರ್ಧ ದಿನ' ಎನ್ನುತ್ತೇವೆ.

ತಂದೆ ತಾಯಂದಿರೇ, ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿದೆ. ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದ ಆ ಹುಡುಗಿಯ ಕಾಲೇಜು ಇನ್ನೂ ಮುಗಿದಿಲ್ಲ. ಅವಳ ಕ್ರೆಡಿಟ್‌ನ ಅರ್ಧ ಪಾಲು ಆಗ ಶುರುವಾಗುತ್ತದೆ. ಅಷ್ಟರಲ್ಲಿ ಅಡುಗೆಮನೆ ಕರೆಯುತ್ತದೆ, ತಮ್ಮ ತಂಗಿಯರ ಹೋಂವರ್ಕ್ ಕಾಯುತ್ತದೆ, ನೆಂಟರು ಬರುತ್ತಾರೆ. ಗಂಡು ಮಗನಾದರೆ ಅಪ್ಪನ ಅಂಗಡಿಯೋ ಗ್ಯಾರೇಜೋ ಕರೆಯುತ್ತದೆ. ಮನೆಯ ಕೆಲಸ ಮಾಡಬಾರದು, ಅಂಗಡಿಯಲ್ಲಿ ಕೂರಬಾರದು ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಅನೇಕರ ಸಂಸಾರ ನಡೆಯುವುದೇ ಹಾಗೆ. ಆದರೆ ಆ ಹೊತ್ತನ್ನು ಯಾವ ಖಾತೆಯಿಂದ ತೆಗೆಯುತ್ತಿದ್ದೇವೆ ಎಂಬುದು ನಮಗೆ ತಿಳಿದಿರಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ ಈ ಲೆಕ್ಕವನ್ನು ಹೇಳಿಕೊಡುವ ಅಣ್ಣ ಅಕ್ಕ ಇರುವುದಿಲ್ಲ. ಹಾಜರಾತಿ ಸರಿಯಾಗಿದ್ದೂ ಮಗು ಫೇಲಾದರೆ 'ಇವನಿಗೆ ತಲೆಯಿಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಎಷ್ಟೋ ಸಲ ಕೊರತೆ ತಲೆಯದ್ದಲ್ಲ, ಆ ಇಪ್ಪತ್ತು ಗಂಟೆಯದ್ದು.

ಅಂಕಪಟ್ಟಿ ಓದುವ ಬಗೆ

ವಿದ್ಯಾರ್ಥಿಗಳೇ, ನಿಮಗೂ ಒಂದು ಲೆಕ್ಕ. ಸೆಮಿಸ್ಟರ್‌ನ ಸರಾಸರಿ ತೆಗೆಯುವಾಗ ಪ್ರತಿ ವಿಷಯದ ಗ್ರೇಡ್ ಅಂಶವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುತ್ತಾರೆ. 4 ಕ್ರೆಡಿಟ್‌ನ ವಿಷಯದಲ್ಲಿ 6, 2 ಕ್ರೆಡಿಟ್‌ನ ವಿಷಯದಲ್ಲಿ 10 ಬಂದರೆ ಸರಾಸರಿ 7.33. ಅದೇ ತಿರುಗುಮುರುಗಾಗಿ ದೊಡ್ಡ ವಿಷಯದಲ್ಲಿ 10, ಚಿಕ್ಕದರಲ್ಲಿ 6 ಬಂದರೆ 8.67. ಪಡೆದ ಗ್ರೇಡ್‌ಗಳು ಅವೇ, ಫಲಿತಾಂಶ ಬೇರೆ. ಯಾವ ವಿಷಯಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ಸೆಮಿಸ್ಟರ್‌ನ ಮೊದಲ ವಾರದಲ್ಲೇ ಕ್ರೆಡಿಟ್ ನೋಡಿ ತೀರ್ಮಾನಿಸಿ. ಇನ್ನೊಂದು ಮಾತು: ವಿಷಯ ಪಾಸಾದರೆ ಮಾತ್ರ ಕ್ರೆಡಿಟ್ ಜಮಾ ಆಗುತ್ತದೆ. ಅರ್ಧ ಓದಿದವರಿಗೆ ಅರ್ಧ ಕ್ರೆಡಿಟ್ ಇಲ್ಲ.

ಗಳಿಸಿದ ಕ್ರೆಡಿಟ್ ವ್ಯರ್ಥವಾಗದಂತೆ ಯುಜಿಸಿ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯನ್ನು ತಂದಿತು. ಬ್ಯಾಂಕಿನಲ್ಲಿ ಹಣ ಇಟ್ಟಂತೆ ಇಲ್ಲಿ ಕ್ರೆಡಿಟ್ ಇಡಬಹುದು. ಸಾಮಾನ್ಯವಾಗಿ ಗರಿಷ್ಠ ಏಳು ವರ್ಷ ಅವು ಚಾಲ್ತಿಯಲ್ಲಿರುತ್ತವೆ. ತಂದೆಯ ಅನಾರೋಗ್ಯ, ಮದುವೆ, ಬಡತನ, ಏನೇ ಕಾರಣಕ್ಕೆ ಓದು ನಿಂತರೂ ಪಾಸಾದ ವಿಷಯಗಳ ದಾಖಲೆ ಉಳಿಯುತ್ತದೆ. ನಿಮ್ಮ ಖಾತೆ ತೆರೆದಿದೆಯೇ, ಪ್ರತಿ ಸೆಮಿಸ್ಟರ್‌ನ ಕ್ರೆಡಿಟ್ ಅದರಲ್ಲಿ ಬಂದಿದೆಯೇ ಎಂದು ನೋಡಿಕೊಳ್ಳಿ. ಸ್ವಯಂ ಜಾಲತಾಣದ ಕೋರ್ಸ್‌ಗಳ ಕ್ರೆಡಿಟ್ ಕೂಡ ಸೇರಿಸಿಕೊಳ್ಳಲು ಅವಕಾಶವಿದೆ. ಆದರೆ ನೋಂದಾಯಿಸುವ ಮೊದಲೇ ನಿಮ್ಮ ಕಾಲೇಜು ಅದನ್ನು ಒಪ್ಪುತ್ತದೆಯೇ ಎಂದು ಕೇಳಿ ತಿಳಿಯಿರಿ.

ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಬದಲಾವಣೆಯಿಂದ ಗೊಂದಲಗೊಂಡವರು ಅನೇಕರು. ವರ್ಷಗಳು ಬದಲಾದರೂ ಕ್ರೆಡಿಟ್ ಪದ್ಧತಿ ಹೋಗಿಲ್ಲ. ನೀವು ಯಾವ ವರ್ಷ ಸೇರಿದಿರೋ ಆ ವರ್ಷದ ನಿಯಮಾವಳಿಯನ್ನು ಕಾಲೇಜಿನಿಂದ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ಊರಿಗೊಂದು ಸೇರು

ವಿದೇಶಕ್ಕೆ ಹೋಗುವ ಆಸೆಯುಳ್ಳವರಿಗೆ ಒಂದು ಎಚ್ಚರಿಕೆ. ಕ್ರೆಡಿಟ್ ಎಂಬ ಹೆಸರು ಒಂದೇ ಆದರೂ ಅಳತೆ ಒಂದೇ ಅಲ್ಲ. ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್. ಅಮೆರಿಕದಲ್ಲಿಯೂ ಪದವಿಗೆ ಸಾಮಾನ್ಯವಾಗಿ 120, ಆದರೆ ನಾಲ್ಕು ವರ್ಷಕ್ಕೆ. ಅಲ್ಲಿ ಒಂದು ಗಂಟೆಯ ತರಗತಿಗೆ ಹೊರಗೆ ಕನಿಷ್ಠ ಎರಡು ಗಂಟೆಯ ಓದು ಎಂದು 2010ರ ಸರ್ಕಾರಿ ನಿಯಮವೇ ಹೇಳುತ್ತದೆ. ಹಾಗಾಗಿ ಅಲ್ಲಿನ ಒಂದು ಕ್ರೆಡಿಟ್ 45 ಗಂಟೆ, ನಮ್ಮದು 30. ಯೂರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದಕ್ಕೆ 25ರಿಂದ 30 ಗಂಟೆ. ಹಿಂದೆ ಊರಿಗೊಂದು ಸೇರು ಇದ್ದ ಹಾಗೆ. ಅರ್ಜಿ ಹಾಕುವಾಗ ಕ್ರೆಡಿಟ್ ಸಂಖ್ಯೆಯ ಜೊತೆಗೆ ಪ್ರತಿ ವಿಷಯದ ಗಂಟೆಗಳ ವಿವರವಿರುವ ಪಠ್ಯಕ್ರಮವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ನಾವು ಮಾಡಬಹುದಾದದ್ದು

ಕೊನೆಯದಾಗಿ ಮೂರು ಸಲಹೆಗಳು. ಒಂದು, ಪ್ರತಿ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗುವಿಗೆ ದಿನಕ್ಕೆ ಮೂರು ಗಂಟೆ ಯಾರೂ ಕರೆಯದ ಹೊತ್ತು ಇರಲಿ. ಮಗನಿಗೂ ಇರಲಿ, ಮಗಳಿಗೂ ಅಷ್ಟೇ ಇರಲಿ. ಎರಡು, ಅಂಗಡಿಯಲ್ಲಿ ದುಡಿಯಲೇಬೇಕಾದ ಮಗನಿದ್ದರೆ ವಾರದ ನಲವತ್ತು ಗಂಟೆಯನ್ನು ಹಾಳೆಯ ಮೇಲೆ ಬರೆದು, ಉಳಿದದ್ದರಲ್ಲಿ ಅಂಗಡಿಯ ಹೊತ್ತನ್ನು ನಿಗದಿ ಮಾಡಿ. ಮೂರು, ನಮ್ಮ ಇಂತಹ ಶಿಕ್ಷಣ ಸಂಸ್ಥೆಗಳು ಬಹುಮಾನ, ವಿದ್ಯಾರ್ಥಿವೇತನ ಕೊಡುವುದರ ಜೊತೆಗೆ ಸಂಜೆ ತೆರೆದಿರುವ ಒಂದು ಓದುಕೋಣೆಯನ್ನು ನಡೆಸಲಿ. ಎರಡು ಕೋಣೆಯ ಮನೆಯಲ್ಲಿ ಏಳು ಜನ ಇರುವಾಗ ಓದುವ ಮಗುವಿಗೆ ಬೇಕಾದದ್ದು ಒಂದು ಮೇಜು, ಒಂದು ದೀಪ, ಸ್ವಲ್ಪ ಮೌನ. ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬಂದು ಹೋಗುವಂಥ ವ್ಯವಸ್ಥೆ ಅಲ್ಲಿರಲಿ.

ತರಗತಿಯ ಹದಿನೈದು ಗಂಟೆಗೆ ಕಾಲೇಜು ಹೊಣೆ. ಉಳಿದ ಹದಿನೈದಕ್ಕೆ ವಿದ್ಯಾರ್ಥಿ ಹೊಣೆ ಎಂದು ನಿಯಮ ಹೇಳುತ್ತದೆ. ಆದರೆ ಆ ಹೊತ್ತನ್ನು ಅವರ ಕೈಗೆ ಕೊಡಬೇಕಾದವರು ನಾವು.