'ಕಟ್ಟು' ಎಂಬ ಪದದ ಸಂಸಾರ

ಹೂವಾಡಗಿತ್ತಿ ಮಾಲೆ ಕಟ್ಟುತ್ತಾಳೆ. ಗಾರೆ ಕೆಲಸದವನು ಗೋಡೆ ಕಟ್ಟುತ್ತಾನೆ. ರೈತ ಸಾಲದ ಕಂತು ಕಟ್ಟುತ್ತಾನೆ. ನೆಗಡಿಯಾದವನಿಗೆ ಮೂಗು ಕಟ್ಟುತ್ತದೆ. ಹೊಸದಾಗಿ ಕನ್ನಡ ಕಲಿಯುವವನು 'ಮೂಗಿಗೆ ಹಗ್ಗ ಕಟ್ಟಿದವರು ಯಾರು?' ಎಂದು ಕೇಳಿದರೆ ಅದು ಅವನ ತಪ್ಪಲ್ಲ.

ಒಂದೇ ಪದಕ್ಕೆ ಇಷ್ಟೊಂದು ಅರ್ಥ ಬಂದದ್ದು ಹೇಗೆ? 'ಕಟ್ಟು' ಎಂದರೆ ಬಿಗಿಯುವುದು. ಬಿಗಿದಾಗ ಎರಡು ಕೆಲಸ ನಡೆಯುತ್ತವೆ: ಬಿಡಿಯಾಗಿದ್ದದ್ದು ಒಂದಾಗುತ್ತದೆ, ಚಲಿಸುತ್ತಿದ್ದದ್ದು ನಿಲ್ಲುತ್ತದೆ. ಹೂವು ಸೇರಿ ಮಾಲೆ, ಕಲ್ಲು ಸೇರಿ ಗೋಡೆ, ಜನ ಸೇರಿ ಸಂಘ, ಮಾತು ಸೇರಿ ಕಥೆ. ಇವು ಮೊದಲ ದಾರಿಯವು. ಕಟ್ಟಿದ ಮೂಗು, ಕಟ್ಟಿದ ಉಸಿರು, ನೀರನ್ನು ತಡೆಯುವ ಕಟ್ಟೆ ಎರಡನೆಯ ದಾರಿಯವು. ನಡತೆಗೆ ಬಿದ್ದ ಬಿಗಿಯೇ ಕಟ್ಟುಪಾಡು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪದಗಳ ಜೊತೆಗೆ ಬಳಕೆಯ ಮಾತುಗಳನ್ನೂ ಗಾದೆಗಳನ್ನೂ ಕೊಟ್ಟಿತು. ಪದದ ಅರ್ಥ ತಿಳಿಯಬೇಕಾದರೆ ಜನ ಅದನ್ನು ಎಲ್ಲೆಲ್ಲಿ ಬಳಸುತ್ತಾರೆಂದು ನೋಡಬೇಕು.

ಈಗ ಪಟ್ಟಣಗಳಲ್ಲಿ ಫೀಸು 'ಪೇ ಮಾಡು'ತ್ತಾರೆ, ಮನೆ 'ಕನ್‌ಸ್ಟ್ರಕ್ಟ್ ಮಾಡಿಸು'ತ್ತಾರೆ, ಮೂಗು 'ಬ್ಲಾಕ್' ಆಗುತ್ತದೆ. ಹೊರಗಿನ ಪದ ಬಂದರೆ ಕೇಡಿಲ್ಲ. 'ಫೀಸು ಕಟ್ಟು' ಎಂಬಲ್ಲಿ ಬಂದ ಪದವನ್ನು ಕನ್ನಡದ ಕ್ರಿಯಾಪದವೇ ಒಳಗೆ ಕರೆದುಕೊಂಡಿದೆ. ಕ್ರಿಯಾಪದವನ್ನೇ ಬಿಟ್ಟುಕೊಟ್ಟರೆ ಮಾತ್ರ ಎಲ್ಲ ಕೆಲಸಕ್ಕೂ 'ಮಾಡು' ಒಂದೇ ಉಳಿಯುತ್ತದೆ.

ನಾಳೆ ಮಗು 'ಫೀಸು ಕಟ್ಟಿದಿರಾ?' ಎನ್ನುತ್ತದೋ 'ಪೇ ಮಾಡಿದಿರಾ?' ಎನ್ನುತ್ತದೋ ಎಂಬುದು ಇಂದು ಮನೆಯ ಹಿರಿಯರು ಆಡುವ ಮಾತಿನ ಮೇಲೆ ನಿಂತಿದೆ.